ಕಾಕಾನ ಟಪ್ ಗುಳಿಗಿ

ನಾನು ಸುಳ್ಳುಗಾರನಲ್ಲ, ಸೋಮಾರಿ. ಇವೆರಡಕ್ಕೂ ಬಹಳ ಅಂತರವಿದೆ ಎಂದು ನನ್ನ ಹೆಂಡತಿಗೆ ಮದುವೆಯಾದಾಗಿನಿಂದ ತಿಳಿಸಿ ಹೇಳುತ್ತಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ. ಸುಳ್ಳುಗಾರ ಏನನ್ನೋ ಗಿಟ್ಟಿಸಿಕೊಳ್ಳಲು ಸುಳ್ಳು ಹೇಳುತ್ತಾನೆ. ನನ್ನಂಥವನು ಎದ್ದು ಹೋಗಿ ಮಾಡಬೇಕಾದ ಕೆಲಸವನ್ನು ಕೂತಲ್ಲೇ ಮುಗಿಸಲು 'ಆಯ್ತು, ಮಾಡಿ ಬಂದೆ' ಎನ್ನುತ್ತಾನೆ. ಮಿಕ್ಸರ್ ರಿಪೇರಿ, ನಲ್ಲಿಯ ವಾಶರ್, ಅತ್ತೆಗೆ ಬರೆಯಬೇಕಾದ ಪತ್ರ, ಇವೆಲ್ಲ ನಮ್ಮ ಮನೆಯಲ್ಲಿ ಹೀಗೆಯೇ ಆಗಿಹೋದ ಕೆಲಸಗಳು. ಅವುಗಳಿಂದ ಯಾರ ಜೀವಕ್ಕೂ ಕುತ್ತು ಬರಲಿಲ್ಲ. ಟಪ್ ಗುಳಿಗಿಯ ವಿಷಯದಲ್ಲಿ ಮಾತ್ರ ಸ್ವಲ್ಪದರಲ್ಲಿ ಉಳಿದೆವು.

ತೊಂಬತ್ತರ ದಶಕದ ಮಾತು. ಗೋಕಾಕದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮ ಮನೆಯ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಆಗಾಗ ಎದೆನೋವು ಬರುತ್ತಿತ್ತು. ಅದಕ್ಕೆ ಡಾಕ್ಟರು ಅಲ್ಯುಮಿನಿಯಂ ಡಬ್ಬಿಯಲ್ಲಿ ಸಣ್ಣ ಸಣ್ಣ ಗಾಜಿನ ಗುಳಿಗೆ ಕೊಟ್ಟಿದ್ದರು. ಮೇಲೆ ಅರಿವೆಯ ಹೊದಿಕೆ, ಒಳಗೆ ಹಳದಿ ಔಷಧ. ನೋವು ಬಂದ ಕೂಡಲೇ ಬೆರಳಿನಿಂದ ಒತ್ತಿದರೆ ಟಪ್ಪೆಂದು ಒಡೆಯುವುದು, ಅದನ್ನು ಮೂಗಿಗೆ ಹಿಡಿಯುವುದು. ಕೊಳೆತ ಬಾಳೆಹಣ್ಣನ್ನು ಬೆವರಿದ ಕಾಲುಚೀಲದಲ್ಲಿ ಕಟ್ಟಿಟ್ಟಂಥ ವಾಸನೆ. ಅದು ಬಂತೆಂದರೆ ಕಾಕಾ ಉಳಿದುಕೊಂಡ ಎಂದು ನಾವು ನಿಟ್ಟುಸಿರು ಬಿಡುತ್ತಿದ್ದೆವು. ಕೊನೆಗೊಂದು ದಿನ ಅಂಗಡಿಯಲ್ಲೇ, ಡಬ್ಬಿ ಮನೆಯಲ್ಲಿದ್ದಾಗ, ನೋವು ಬಂತು. ಕಾಕಾ ಉಳಿಯಲಿಲ್ಲ; ಡಬ್ಬಿಯಲ್ಲಿ ಹನ್ನೆರಡು ಗುಳಿಗೆ ಉಳಿದವು.

ಅದನ್ನು ಎಸೆಯಬೇಕೆಂದು ಹೆಂಡತಿ ಹಟ ಹಿಡಿದಳು. ನಾವು ಜೈನರು, ಎಸೆಯುವುದು ನಮ್ಮಲ್ಲಿ ಅಷ್ಟು ಸುಲಭವಲ್ಲ. ಗಟಾರಕ್ಕೆ ಹಾಕುತ್ತೇನೆಂದರೆ ನಮ್ಮ ಕಾಕು, ಅಂದರೆ ಕಾಕಾನ ಹೆಂಡತಿ, "ಗಟಾರದಾಗ ಎಷ್ಟ ಜೀವ ಅದಾವೊ ತಮ್ಮಾ" ಅಂದಳು. ತಿಪ್ಪೆಗೆ ಅಂದರೆ ಹುಳಗಳು ಅಡ್ಡ ಬಂದವು. ಹೊಳೆಗೆ ಅಂದರೆ ಮೀನು. ಸುಡಲು ಡಾಕ್ಟರೇ ಬಿಡಲಿಲ್ಲ.

"ಮಾಸ್ತರ, ಬೆಂಕಿ ಹತ್ರ ಒಯ್ದ್ರ ಭಗ್ ಅಂತೈತ್ರಿ. ತಣ್ಣನ ಜಾಗಾದಾಗ ಇಡಬೇಕು. ಒಂದ ವೇಳೆ ಒಡದ್ರ ದೀಪಾ ಹಚ್ಚಬ್ಯಾಡ್ರಿ, ಕಿಡಕಿ ಬಾಗಲಾ ತಗದು ಎಲ್ಲಾರೂ ಹೊರಗ ಬರ್ರಿ. ಗಾಜ ಬರಿಗೈಲೆ ಮುಟ್ಟಬ್ಯಾಡ್ರಿ. ಅದೆಲ್ಲಾ ಉಸಾಬರಿ ಯಾಕ? ನನ್ನ ಕಡೆ ತಂದ ಕೊಟ್ಟಬಿಡ್ರಿ."

ದವಾಖಾನೆ ನಮ್ಮ ಮನೆಯಿಂದ ಐದು ನಿಮಿಷದ ಹಾದಿ. ನಾನು ಡಬ್ಬಿಯನ್ನು ಮಂಚದ ಕೆಳಗಿನ ಹಳೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು, 'ಡಾಕ್ಟರಿಗೆ ಕೊಟ್ಟು ಬಂದೆ' ಅಂದೆ.

ಹದಿನೈದು ದಿನಕ್ಕೆ ವಾಸನೆ ಬಂತು. ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮಾಡುವ ಮನೆ. ಮುಸ್ಸಂಜೆಗೆ ಒಲೆ ಆರಿ, ಪಾತ್ರೆಗಳ ಸದ್ದೂ ನಿಂತಿರುತ್ತದೆ. ಆ ಮೌನದಲ್ಲಿ ನಡುಮನೆಯಿಂದ ಬಾಳೆಹಣ್ಣು, ಕಾಲುಚೀಲ. ಹೆಂಡತಿ ನನ್ನ ರಟ್ಟೆ ಹಿಡಿದಳು. "ಏನ್ರಿ, ಕಾಕಾರು ಬಂದಾರ್ರಿ!"

ನಮ್ಮ ಧರ್ಮದಲ್ಲಿ ಹಾಗೆಲ್ಲ ಬರಲು ಅವಕಾಶವಿಲ್ಲ ಎಂದು ಗದರಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಜೀವ ಮುಂದಿನ ಜನ್ಮಕ್ಕೆ ಹೋಗಿಬಿಡುತ್ತದೆ; ಅಲೆದಾಡಲು ಅದಕ್ಕೆ ಪುರುಸೊತ್ತೆಲ್ಲಿ? ಅವಳು, "ಖರೆ, ಆದ್ರ ಕಾಕಾರು ಎಂದಾದ್ರೂ ಒಂದ ಬಸ್ಸಿಗರ ಹೊತ್ತಿಗೆ ಸರಿಯಾಗಿ ಹೋಗಿದ್ರೇನ್ರಿ?" ಅಂದಳು.

ಗುಳಿಗೆ ಸೋರುತ್ತಿರಬೇಕು ಎಂದುಕೊಂಡೆ. ಅಂಕಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು; ಆವಿಯಾಗುವ ಪದಾರ್ಥಗಳ ಪಾಠವನ್ನು ಪುಸ್ತಕ ನೋಡದೆ ಒಪ್ಪಿಸಬಲ್ಲೆ. ಮರುದಿನ ಯಾರೂ ಇಲ್ಲದಾಗ ಟ್ರಂಕು ತೆಗೆದೆ. ಒಳಗೆ ವಾಸನೆಯೇ ಇಲ್ಲ. ಒಂದು ಗುಳಿಗೆಯೂ ಒಡೆದಿಲ್ಲ, ಒಂದು ಹನಿಯೂ ಚೆಲ್ಲಿಲ್ಲ. ಆದರೆ ಇದ್ದದ್ದು ಹನ್ನೊಂದು. ಮತ್ತೆ ಕೀಲಿ ಹಾಕಿದೆ. ಮತ್ತೊಂದು ಸಂಜೆ ವಾಸನೆ, ಹತ್ತು. ಇನ್ನೊಂದು ಸಂಜೆ, ಒಂಬತ್ತು. ಕೀಲಿಕೈ ನನ್ನ ಎದೆಯ ಮೇಲೇ ಇತ್ತು. ಯಾರಿಗೆ ಹೇಳಲಿ? ಹೇಳಿದರೆ ಡಬ್ಬಿ ಮನೆಯಲ್ಲೇ ಇದೆ ಎಂದೂ ಹೇಳಬೇಕಲ್ಲ. ಭೂತದ ಭಯ ಒಂದು ಕಡೆ, ಹೆಂಡತಿಯ ಭಯ ಇನ್ನೊಂದು ಕಡೆ. ನಾನು ಭೂತದ ಜೊತೆ ಇರುವುದೇ ವಾಸಿ ಎಂದು ಸುಮ್ಮನಿದ್ದೆ. ಈ ನಡುವೆ ಕಾಕುವಿಗೆ ಸಂಜೆಯಾದರೆ ತಲೆಸುತ್ತು; ಗೋಡೆ ಹಿಡಿದು ನಡೆಯುತ್ತಿದ್ದಳು. ಅದನ್ನೂ ಇದನ್ನೂ ಕೂಡಿಸಿ ನೋಡುವ ಬುದ್ಧಿ ವಿಜ್ಞಾನದ ಮಾಸ್ತರನಿಗೆ ಬರಲಿಲ್ಲ.

ಒಂದು ಮುಸ್ಸಂಜೆ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದೆ. ನಡುಮನೆಯಿಂದ ಟಪ್ಪೆಂದಿತು. ಓಡಿದೆ. ಕಾಕು ಗೋಡೆಗೆ ಒರಗಿ ಕೂತಿದ್ದಾಳೆ, ಕೈಯಲ್ಲಿ ಒಡೆದ ಗುಳಿಗೆ, ಮುಖ ಕೆಂಪಗಾಗಿದೆ. ಎರಡು ಮಾರು ದೂರದಲ್ಲಿ ದೀಪ ಉರಿಯುತ್ತಿದೆ. ಗುಳಿಗೆಯನ್ನು ಅರಿವೆಯ ಸಮೇತ ಕಿತ್ತು ಅಂಗಳಕ್ಕೆ ಎಸೆದು, ದೀಪ ಆರಿಸಿ, ಅವಳನ್ನು ಎತ್ತಿಕೊಂಡೇ ಹೊರಗೆ ಬಂದೆ.

"ಕೀಲಿ ಹೆಂಗ ತಗದಿ ಕಾಕು?"

"ಟ್ರಂಕ ನನ್ನ ಮದುವೀದೊ. ಇನ್ನೊಂದ ಕೀಲಿಕೈ ನನ್ನ ಕಡೆ ಇರೂದಿಲ್ಲೇನು? ನೀ ಡಾಕ್ಟರ ಕಡೆ ಹೋಗಿಲ್ಲಂತ ಅವತ್ತ ಗೊತ್ತಿತ್ತು. ಚಪ್ಪಲಿನ ಮೆಟ್ಟಿರಲಿಲ್ಲ ನೀ."

"ಮತ್ತ ಇದ್ಯಾಕ? ಸತ್ತಗಿತ್ತೀ!"

ಅವಳು ಸೆರಗು ಸರಿಮಾಡಿಕೊಂಡಳು. "ಲಗ್ನ ಆದಾಗಿಂದ ನಿಮ್ಮ ಕಾಕಾ ನನಗ 'ಏ, ಇಲ್ಲಿ ಬಾ' ಅಂತಿದ್ರು. ಎದಿನೋವ ಬಂದು ಇದನ್ನ ಒಡದಾಗಷ್ಟ 'ಪದ್ಮಾ' ಅಂತ ಹೆಸರ ಹಿಡದ ಕರೀತಿದ್ರು. ಅದಕ್ಕ ಒಡದು ಕೇಳಕೋತ ಕೂಡತಿದ್ನಿ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನಗೆ ಇದು ಗೊತ್ತಿರಲಿಲ್ಲ. "ಕರದ್ರೇನು?" ಎಂದು ಕೇಳಬಾರದಿತ್ತು, ಕೇಳಿದೆ.

"ಒಂದ ಸಲ," ಅಂದಳು.

ಮರುದಿನ ಬೆಳಗ್ಗೆ ಎಲ್ಲರೆದುರು ತಪ್ಪೊಪ್ಪಿಕೊಂಡು, ಹೆಂಡತಿಯಿಂದ ಅನ್ನಿಸಿಕೊಳ್ಳುವಷ್ಟೂ ಅನ್ನಿಸಿಕೊಂಡು, ಚಪ್ಪಲಿ ಮೆಟ್ಟಿ, ಉಳಿದ ಎಂಟನ್ನೂ ಡಾಕ್ಟರ ಕೈಯಲ್ಲಿ ಎಣಿಸಿ ಕೊಟ್ಟೆ. ಕಾಕುವಿನ ತಲೆಸುತ್ತು ನಿಂತಿತು. ಗುಳಿಗೆ ಹೋದ ಮೇಲೆ ಅವಳು ಸಂಜೆಯಾದರೆ ಜಪಮಾಲೆ ಹಿಡಿದು ಅದೇ ಗೋಡೆಗೆ ಒರಗಿ ಕೂರತೊಡಗಿದಳು.

ಎಂಟನೆಯ ದಿನ ಮುಸ್ಸಂಜೆ ಎಲ್ಲರೂ ನಡುಮನೆಯಲ್ಲಿದ್ದಾಗ ಮತ್ತೆ ಆ ವಾಸನೆ ಬಂತು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. "ಖರೆ ಹೇಳ್ರಿ, ಎಲ್ಲಿ ಇಟ್ಟೀರಿ?" ಕೊಟ್ಟು ಬಂದದ್ದು ನನ್ನ ಕೈಯಿಂದಲೇ; ಆದರೂ ನಾನು ಮಂಚದ ಕೆಳಗೆ ತೂರಿ ಟ್ರಂಕು ತೆಗೆದೆ. ಖಾಲಿ. ಅಷ್ಟರಲ್ಲಿ ಜಪಮಾಲೆ ಹಿಡಿದು ಕೂತಿದ್ದ ಕಾಕು ತಲೆಯೆತ್ತಿ, ಯಾರಿಗೋ ಓಗೊಡುವ ಹಾಗೆ, "ಓ, ಬಂದೆ," ಅಂದಳು.

ನಿನಗೆ ಏನಾದರೂ ಕೇಳಿಸಿತೇ ಎಂದು ಜನ ಇವತ್ತಿಗೂ ಕೇಳುತ್ತಾರೆ. ಇಲ್ಲ, ಏನೂ ಕೇಳಿಸಲಿಲ್ಲ ಎಂದೇ ಹೇಳುತ್ತ ಬಂದಿದ್ದೇನೆ. ನಾನು ಸುಳ್ಳು ಹೇಳುವುದರಲ್ಲಿ ಎಷ್ಟು ಪಳಗಿದವನೆಂದು ನಿಮಗೆ ಗೊತ್ತೇ ಇದೆ.