ಡಿಗ್ರಿಗೆ ಇಸ್ತ್ರಿ ಹಾಕಿದ ಡೀನ್

ನಾನು ಇಂಜಿನಿಯರ್ ಆಗುವುದು ಸಾಧ್ಯವೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ ವಾಮನ ಮಾವ. ನಮ್ಮ ಅಂಗಳದಲ್ಲೇ ನಿಂತು, ನೆರೆಕರೆಗೆಲ್ಲ ಕೇಳುವಂತೆ ಹೇಳಿದರು: "ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಮೆಟ್ಟುದು, ಮಗ ಇಂಜಿನಿಯರ್ ಆಗುದಾ? ಇವನ ಹೆಸರಿನ ಹಿಂದೆ ಬಿ.ಇ. ಬಂದರೆ ನಾನು ಮೀಸೆ ಬೋಳಿಸ್ತೇನೆ!"

ಬಿ.ಇ. ಬಂತು. ಮೀಸೆ ಹೋಗಲಿಲ್ಲ. ಕೇಳಿದ್ದಕ್ಕೆ, "ನಾನು ಹೇಳಿದ್ದು ಸಂಕ, ಸೇತುವೆ ಕಟ್ಟುವ ಇಂಜಿನಿಯರ್. ಇವ ಕಲಿತದ್ದು ಕೊಳಚೆ ನೀರಲ್ವಾ? ಅದು ಲೆಕ್ಕಕ್ಕಿಲ್ಲ" ಎಂದರು.

ಹೌದು, ನಾನು ಪರಿಸರ ಇಂಜಿನಿಯರ್. ಬಹ್ರೈನಿಗೆ ಬಂದು ಕೊಳಚೆ ನೀರನ್ನು ಶುದ್ಧ ಮಾಡುವ ಸ್ಥಾವರದಲ್ಲಿ ಸೇರಿದೆ. ರಸ್ತೆಯ ನಡುವೆ ಹೂವಿನ ಗಿಡ ಕಂಡಲ್ಲೆಲ್ಲ ಕಾರು ನಿಧಾನ ಮಾಡಿ ಮಕ್ಕಳಿಗೆ ತೋರಿಸುತ್ತಿದ್ದೆ: "ನೋಡಿ, ಅದು ಅಪ್ಪನ ನೀರು!" ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಸಂಜೆ ಹೊತ್ತು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಹೋದವನು ಅಲ್ಲೇ ಬೇರು ಬಿಟ್ಟೆ. ಕೆಲಸ ಮಾಡುತ್ತಲೇ ಡಾಕ್ಟರೇಟ್ ಮುಗಿಸಿ, ಉಪನ್ಯಾಸಕನಾಗಿ, ವಿಭಾಗದ ಮುಖ್ಯಸ್ಥನಾಗಿ, ತೊಂಬತ್ತರ ದಶಕದ ಕೊನೆಗೆ ಇಂಜಿನಿಯರಿಂಗಿನ ಡೀನ್ ಹುದ್ದೆಗೇ ನನ್ನ ಹೆಸರು ಬಂತು! ನಮ್ಮ ಮನೆತನದಲ್ಲಿ ಅದುವರೆಗೆ ಹೈಸ್ಕೂಲು ಹತ್ತಿದವರೆಂದರೆ ಅದರ ಮಾಡಿಗೆ ಹಂಚು ಹೊದಿಸಲು ಹತ್ತಿದವರು ಮಾತ್ರ.

ಷರತ್ತು ಒಂದೇ. ಎಲ್ಲ ಮೂಲ ಸರ್ಟಿಫಿಕೇಟುಗಳ ಹಿಂಬದಿಗೆ ಸರಕಾರಿ ಮೊಹರು ಹಾಕಿಸಿ ಒಂದು ತಿಂಗಳೊಳಗೆ ಕೊಡಬೇಕು. ಇಲ್ಲವಾದರೆ ಹುದ್ದೆ ಪಟ್ಟಿಯ ಎರಡನೆಯವರಿಗೆ.

"ಅದೇನು ಮಹಾ!" ಎಂದು ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಮೊಹರು ಹಾಕುವ ಕಚೇರಿಗೆ ಹೋದೆ. ಕಿಟಕಿಯ ಆಚೆ ಇದ್ದವರು ಊರಿನ ಕಡೆಯವರೇ. ಡಾಕ್ಟರೇಟಿಗೆ ಟಪ್ಪೆಂದು ಮೊಹರು ಒತ್ತಿದರು. ಬಿ.ಇ. ಸರ್ಟಿಫಿಕೇಟನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು.

"ಸರ್, ಇದಕ್ಕೆ ಲ್ಯಾಮಿನೇಶನ್ ಯಾರು ಮಾಡಿಸಿದ್ದು?"

"ನಾನೇ!" ಎಂದೆ, ಹೆಮ್ಮೆಯಿಂದ. ಮನೆತನದ ಮೊದಲ ಡಿಗ್ರಿ! ಗಲ್ಫಿನ ಸೆಕೆಗೆ ಹಾಳಾಗಬಾರದೆಂದು ವಿಮಾನ ಹತ್ತುವ ಮುಂಚೆ ಮಂಗಳೂರಿನ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಕಿಸಿದ್ದೆ. ಡಾಕ್ಟರೇಟಿಗೂ ಆ ಮರ್ಯಾದೆ ಕೊಟ್ಟಿರಲಿಲ್ಲ.

"ಮೊಹರು ಪ್ಲಾಸ್ಟಿಕ್ಕಿನ ಮೇಲೆ ನಿಲ್ಲುದಿಲ್ಲ ಸರ್. ಕಾಗದ ಬೇಕು."

ನಾನು ನಕ್ಕೆ. ಕೊಳಚೆಯಿಂದ ನೀರನ್ನು ಬೇರ್ಪಡಿಸುವುದು ನನ್ನ ಹೊಟ್ಟೆಪಾಡು. ಕಾಗದದಿಂದ ಪ್ಲಾಸ್ಟಿಕ್ ಬೇರ್ಪಡಿಸಲಾರೆನೇ?

ಸನದ್ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಾರ್ಯಾಚರಣೆ ಆರಂಭವಾಯಿತು. ಶಾಖಕ್ಕೆ ಅಂಟು ಸಡಿಲವಾಗುತ್ತದೆ ಎಂಬುದು ಸಿದ್ಧಾಂತ. ಇಸ್ತ್ರಿ ಪೆಟ್ಟಿಗೆ ತಂದೆ.

"ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?" ಎಂದಳು ಹೆಂಡತಿ ಶಶಿಕಲಾ.

"ಪ್ರಾಯೋಗಿಕ ಹಂತ. ಮೊದಲು ಚಿಕ್ಕದರಲ್ಲಿ ಪರೀಕ್ಷೆ, ನಂತರ ದೊಡ್ಡದರಲ್ಲಿ ಅನ್ವಯ."

ಲ್ಯಾಮಿನೇಶನ್ ಮಾಡಿದ ಮಗಳ ಈಜುಕೊಳದ ಕಾರ್ಡಿನ ಮೇಲೆ ಇಸ್ತ್ರಿ ಆಡಿಸಿ ಪ್ಲಾಸ್ಟಿಕ್ ಎಳೆದೆ. ಸರ್ರೆಂದು ಬಂತು! ಕಾಗದಕ್ಕೆ ಒಂದು ಗೀರೂ ಇಲ್ಲ. ಪಕ್ಕದ ಮನೆಯ ನರ್ಸ್ ಲೀನಾ ಬಾಯಿಯನ್ನೂ ಕರೆದು ತೋರಿಸಿದೆ.

"ಇಂಜಿನಿಯರ್ರೆ, ಕಾರ್ಡು ಹೊಸತು. ಸರ್ಟಿಫಿಕೇಟು ಹಳತಲ್ವಾ?" ಎಂದರು ಅವರು. "ಹಳೆ ಬ್ಯಾಂಡೇಜು ಎಳೆದರೆ ಚರ್ಮವೂ ಒಟ್ಟಿಗೆ ಬರ್ತದೆ. ನಾನು ದಿನಾ ನೋಡ್ತೇನೆ."

"ಬಾಯಿ, ಇದು ವೈದ್ಯಕೀಯ ವಿಷಯ ಅಲ್ಲ" ಎಂದೆ ಗಂಭೀರವಾಗಿ.

ಸರ್ಟಿಫಿಕೇಟಿನ ಮೇಲೆ ಟವೆಲು ಹಾಸಿ ಇಸ್ತ್ರಿ ಒತ್ತಿದೆ. ಮೊದಲು ಟವೆಲು ಅಂಟಿತು. ಟವೆಲು ಬಿಡಿಸಲು ಇನ್ನಷ್ಟು ಬಿಸಿ ಮಾಡಿದೆ. ಪ್ಲಾಸ್ಟಿಕ್ ಹಪ್ಪಳದಂತೆ ಉಬ್ಬಿತು. "ಬಿಡ್ತಾ ಉಂಟು, ಬಿಡ್ತಾ ಉಂಟು!" ಎಂದು ಕೂಗಿ, ಮೂಲೆ ಹಿಡಿದು, ದೇವರನ್ನು ನೆನೆದು ಎಳೆದೆ.

ಬಿಟ್ಟಿತು. ಕಾಗದವೇ ಎರಡು ಪದರವಾಗಿ ಸೀಳಿ ಬಿಟ್ಟಿತು! ಕುಲಪತಿಗಳ ಸಹಿ ಪ್ಲಾಸ್ಟಿಕ್ಕಿನ ಜೊತೆ ಹೋಯಿತು, ನನ್ನ ಹೆಸರು ಕಾಗದದ ಮೇಲೆ ಉಳಿಯಿತು. ನಡುವೆ ಇದ್ದ ಪದವಿ ಟವೆಲಿನ ಮೇಲೆ ತಲೆಕೆಳಗಾಗಿ ಅಚ್ಚಾಗಿತ್ತು.

ಲೀನಾ ಬಾಯಿ ಶಿಲುಬೆಯ ಗುರುತು ಹಾಕಿಕೊಂಡರು.

"ಟವೆಲಿಗೆ ಮೊಹರು ಹಾಕ್ತಾರಾ ಕೇಳಿ ನೋಡಿ" ಎಂದಳು ಶಶಿಕಲಾ.

ಆಗ ನಗು ಬರಲಿಲ್ಲ. ಆ ಕಾಗದಕ್ಕಾಗಿ ಅಪ್ಪ ಎರಡು ಪಾಳಿ ದುಡಿದದ್ದು ನನಗೆ ಗೊತ್ತಿತ್ತು. ಈಗ ಹುದ್ದೆಗೆ ಉಳಿದದ್ದು ಇಪ್ಪತ್ತು ದಿನ.

ನಕಲು ಪ್ರತಿ ಕೊಡಬೇಕಾದ ವಿಶ್ವವಿದ್ಯಾಲಯ ಇದ್ದದ್ದು ಊರಿನಲ್ಲಿ, ಅದೂ ಘಟ್ಟದ ಮೇಲೆ. ನನಗೆ ರಜೆ ಇಲ್ಲ. ಅಪ್ಪನಿಗೆ ಹೇಗೂ ನಮ್ಮಲ್ಲಿಗೆ ಬರಲು ವೀಸಾ ಆಗಿತ್ತು. ಊರಿನ ಎಸ್‌ಟಿಡಿ ಬೂತಿಗೆ ಅಪ್ಪನನ್ನು ಕರೆಸಿ ವಿಷಯ ಹೇಳಿದೆ.

"ಇಸ್ತ್ರಿ ಹಾಕಿದಿಯಾ?"

"ಹೌದಪ್ಪಾ."

"ಡಿಗ್ರಿಗೆ?"

"ಹೌದು."

"ಆಯ್ತು. ಕಾಗದ ಕಳಿಸು, ನಾನು ಹೋಗ್ತೇನೆ."

ಅಧಿಕಾರ ಪತ್ರ, ಅರ್ಜಿ ಎಲ್ಲವನ್ನೂ ಫ್ಯಾಕ್ಸ್ ಮಾಡಿದೆ. ಅರ್ಜಿಯಲ್ಲಿ 'ಮೂಲ ಪ್ರತಿ ಹಾಳಾದ ಕಾರಣ' ಎಂಬ ಕಾಲಂ ಇತ್ತು. ಬಹಳ ಯೋಚಿಸಿ, 'ಅತಿಯಾದ ಕಾಳಜಿ' ಎಂದು ತುಂಬಿಸಿದೆ.

ಎಂಬತ್ತರ ಹತ್ತಿರದ ಅಪ್ಪ ಘಟ್ಟ ಹತ್ತಿದರು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ಕಚೇರಿಯ ಬೆಂಚಿನಲ್ಲಿ ಕೂರುತ್ತಿದ್ದರಂತೆ. "ನಾಳೆ ಬನ್ನಿ ಅಜ್ಜ" ಎಂದರೆ "ಆಯ್ತು" ಎಂದು ಅಲ್ಲೇ ಕೂರುತ್ತಿದ್ದರಂತೆ. ಕೊನೆಗೆ ಅವರನ್ನು ಎಬ್ಬಿಸಲೆಂದೇ ಸರ್ಟಿಫಿಕೇಟು ತಯಾರಾಯಿತು.

ಗಡುವಿಗೆ ಐದು ದಿನ ಇರುವಾಗ ಅವರ ವಿಮಾನ ಇಳಿಯಿತು. ನಾನು, ಶಶಿಕಲಾ, ಮಕ್ಕಳು, ಲೀನಾ ಬಾಯಿ ಎಲ್ಲರೂ ಹೋಗಿ ಕಾದೆವು. ಅಪ್ಪ ಹೊರಬಂದರು. ಬಿಳಿ ಪಂಚೆ, ಎದೆಗೊತ್ತಿ ಎರಡೂ ಕೈಯಲ್ಲಿ ಹಿಡಿದ ಕಂದು ಲಕೋಟೆ.

"ಅಪ್ಪಾ, ಚೀಲ ಎಲ್ಲಿ?"

"ಒಳಗೆ ಬೆಲ್ಟಿನ ಮೇಲೆ ಸುತ್ತು ಹಾಕ್ತಾ ಉಂಟು. ಇದ್ದದ್ದು ಎರಡೇ ಕೈಯಲ್ವಾ?"

ಲಕೋಟೆಯನ್ನು ಪಂಚೆಯ ಅಂಚಿನಿಂದ ಒರೆಸಿ ನನ್ನ ಕೈಗಿಟ್ಟರು. ತೆರೆದೆ. ಗರಿಗರಿ ಕಾಗದ, ಅದರಲ್ಲಿ ನನ್ನ ಹೆಸರು, ಅದರ ಕೆಳಗೆ ಅಪ್ಪನ ಹೆಸರು. ಕಣ್ಣು ಮಂಜಾಯಿತು. ಭಾವೀ ಡೀನ್ ಮಹಾಶಯರಿಗೆ ಮಾತು ಹೊರಡಲಿಲ್ಲ.

ಅಪ್ಪನಿಗೆ ಹೊರಟಿತು. ಮೊಮ್ಮಕ್ಕಳಿಗೂ ಚೆನ್ನಾಗಿ ಕೇಳುವಂತೆ ಹೇಳಿದರು:

"ನಾಲ್ಕು ವರ್ಷದ ಡಿಗ್ರಿ ತೆಗೀಲಿಕ್ಕೆ ನಿಂಗೆ ಆರು ವರ್ಷ ಬೇಕಾಯ್ತು ಮಗ. ನಂಗೆ ಮೂರೇ ದಿವಸ ಸಾಕಾಯ್ತು!"