ಶ್ರಾವಣದಲ್ಲೇ ಎದ್ದ ಕ್ರಿಸ್ಮಸ್ ಮರ

ನಾನು ಹೋದಲ್ಲೆಲ್ಲ ಇಂಥವು ಆಗುತ್ತವೋ, ಇಂಥವು ಆಗುವ ಕಡೆಗೇ ನನ್ನ ಕಾಲು ಎಳೆಯುತ್ತವೋ, ಇವತ್ತಿಗೂ ಬಗೆಹರಿದಿಲ್ಲ. ದುಬೈ, ಸಿಂಗಪುರ, ಮನಿಲಾ ಅಂತ ಊರೂರಿನ ಮನರಂಜನಾ ಪಾರ್ಕುಗಳಲ್ಲಿ ಅಲಂಕಾರದ ಕೆಲಸ ಮಾಡುತ್ತ, ಒಂದು ಕಡೆ ನೆಟ್ಟಗೆ ಕೂರದೆ ತಿರುಗಿದವಳು ನಾನು. ಆದರೂ ನೆನೆಸಿಕೊಂಡು ವಿಮಾನದಲ್ಲಿ ಒಬ್ಬಳೇ ನಗುವುದು, ಪಕ್ಕದವರು ಸೀಟು ಬದಲಿಸಿಕೊಳ್ಳುವುದು, ಎಲ್ಲ ಬಳ್ಳಾರಿಯಲ್ಲಿ ಕಳೆದ ಆ ಒಂದು ವರ್ಷದ ದೆಸೆಯಿಂದ.

ಅದಿರಿನ ಭರಾಟೆಯ ಕಾಲ ಅದು. ಊರ ಮಣ್ಣಿಗೆ ಚೀನಾದಲ್ಲಿ ಗಿರಾಕಿ ಹುಟ್ಟಿ, ನಿನ್ನೆ ಸ್ಕೂಟರ್ ತಳ್ಳುತ್ತಿದ್ದವರು ಇವತ್ತು ಹೆಲಿಕಾಪ್ಟರಿಗೆ ಬಣ್ಣ ಆರಿಸುತ್ತಿದ್ದರು. ಅಂಥವರಲ್ಲೊಬ್ಬರು ಸಿರುಗುಪ್ಪ ರಸ್ತೆಯಲ್ಲಿ ಒಂದು ಪಾರ್ಕು ಕಟ್ಟಿಸಿದರು. ನೀರಿನ ಜಾರುಬಂಡೆ, ತಿರುಗುವ ತೊಟ್ಟಿಲು, ಪುಟಾಣಿ ರೈಲು. ಎಲ್ಲರೂ ಅವರನ್ನು ಧಣಿ ಅನ್ನುತ್ತಿದ್ದರು, ನಾನೂ ಅಂದೆ. ಹುಟ್ಟಿದೂರಿನಲ್ಲಿ ಕರೆದು ಕೆಲಸ ಕೊಡುತ್ತೇವೆ ಅಂದರೆ ಯಾರಿಗೆ ಬೇಡ? ಪೆಟ್ಟಿಗೆ ಕಟ್ಟಿ ಬಂದೆ.

೧. ಧಣಿಯವರ ಪ್ರಶ್ನೆ

ಅದಿರು ಕೊಳ್ಳುವವರನ್ನು ಕಾಣಲು ಧಣಿ ಸಿಂಗಪುರಕ್ಕೆ ಹೋಗಿದ್ದಾಗ, ಅಲ್ಲಿನ ಪಾರ್ಕಿನಲ್ಲಿ ನವೆಂಬರಿಗೇ ಕ್ರಿಸ್ಮಸ್ ಮರ ನಿಲ್ಲಿಸಿದ್ದನ್ನು ನೋಡಿ ಬಂದಿದ್ದರು. ಅದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ನಾನು ಕೆಲಸಕ್ಕೆ ಸೇರಿದ ದಿನವೇ ಕೇಳಿದರು, ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕ್ರಿಸ್ಮಸ್ ಅಲಂಕಾರ ಹಚ್ಚುವವರು ಯಾರು ಅಂತ. ನನ್ನ ತಿರುಗಾಟದ ಜ್ಞಾನ ತೋರಿಸುವ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ: ಮನಿಲಾದವರು, ಸೆಪ್ಟೆಂಬರಿನ ಮೊದಲ ದಿನಕ್ಕೇ ಶುರು ಮಾಡುತ್ತಾರೆ.

"ಹಂಗಾರ ನಾವು ಆಗಸ್ಟ್," ಅಂದರು ಧಣಿ.

ಶ್ರಾವಣ ಇನ್ನೂ ಮುಗಿದಿರುವುದಿಲ್ಲ, ಗಣಪತಿ ಕೂಡ ಬಂದಿರುವುದಿಲ್ಲ ಅಂದೆ. ಗಣಪತಿಗೂ ನೋಡಲು ಏನಾದರೂ ಇರಲಿ ಅಂದರು.

ಯಾರಿಂದ ಮಾಡಿಸುವುದು ಅನ್ನುವಲ್ಲಿ ಜಗಳ ಬಂತು. ಧಣಿಯ ಅಳಿಯಂದಿರು ಬೆಂಗಳೂರಿನ ಕಂಪನಿ ಆಗಬೇಕು ಅಂದರು. ನಾನು ಕುರುಗೋಡಿನ ಹಂದರದ ಚಾಚಾ ಆಗಬೇಕು ಅಂದೆ. ಈ ಸೀಮೆಯ ಮದುವೆ, ಮೊಹರಂ, ಗಣಪತಿ, ಮಂತ್ರಿಗಳ ಸಭೆ, ಯಾವುದಕ್ಕೇ ಆಗಲಿ ಚಾಚಾನ ಹುಡುಗರೇ ಕಂಬ ನೆಟ್ಟು ಬಟ್ಟೆ ಬಿಗಿದವರು. ಅದಿರಿನ ದುಡ್ಡು ಬಂದ ಮೇಲೆ ದೊಡ್ಡ ಮದುವೆಗಳೆಲ್ಲ ಬೆಂಗಳೂರಿನವರ ಪಾಲಾಗಿ, ಚಾಚಾ ತನ್ನ ಕಂಬಗಳನ್ನು ಗುಜರಿಯವನಿಗೆ ತೋರಿಸುವ ಹಂತಕ್ಕೆ ಬಂದಿದ್ದ.

ಧಣಿ ಪಂಚಾಯ್ತಿ ಮುಗಿಸಿದರು. "ಈ ಸಲ ಚಾಚಾ ಮಾಡ್ಲಿ. ವಿಜಯದಶಮಿ ಸಂಜಿಗೆ ಬೆಂಗಳೂರಿನವರನ್ನೂ ಕರಸ್ತೀನಿ. ಅವತ್ತು ಇವನ ಕೆಲಸ ನನ್ನ ಮನಸ್ಸಿಗೆ ಬಂದ್ರ ವರ್ಷಾ ವರ್ಷಾ ಇವನದಾ. ಬರಲಿಲ್ಲಂದ್ರ ಅವರದು."

ಚಾಚಾ ಹೊರಗೆ ಬಂದು ಗಡ್ಡ ಸವರಿಕೊಳ್ಳುತ್ತ, ಕ್ರಿಸ್ಮಸ್ ಅಂದರೆ ತನಗೆ ನೀರು ಕುಡಿದ ಹಾಗೆ ಅಂದ. ಈ ಮೊದಲು ಮಾಡಿದ್ದೀಯಾ ಅಂತ ಕೇಳಿದೆ.

"ಇಲ್ಲ. ಆದ್ರ ಮದುವಿ ಮಾಡೀನಲ್ರಿ. ಎರಡೂ ಕಡಿಗೆ ಒಂದು ಕೂಸಿನ ಸುದ್ದಿನಾ ಅಲ್ಲೇನು?"

೨. ಹಬ್ಬ ಮುಂದೆ ಬಂದದ್ದು

ಮರಕ್ಕಿಂತ ಮೊದಲು ನಕ್ಷತ್ರ ಏರಿತು. ತಿರುಗುವ ತೊಟ್ಟಿಲಿನ ನೆತ್ತಿಗೆ ಕಟ್ಟಿದ ಆ ನಕ್ಷತ್ರ ರೂಪನಗುಡಿಯ ಹೊಲಗಳಿಂದಲೂ ಕಾಣುತ್ತದೆ ಅಂತ ಚಾಚಾನ ಹೆಮ್ಮೆ. ಕಂಡದ್ದು ನಿಜವೇ ಇರಬೇಕು. ವಾರದೊಳಗೆ ಕಂಟೋನ್ಮೆಂಟ್ ಕಡೆಯಿಂದ ವಯಸ್ಸಾದ ಪಾದ್ರಿಯೊಬ್ಬರು ಮೊಪೆಡ್ ಏರಿ ಬಂದರು. ಬಹಳ ಸಂಕೋಚದ ಮನುಷ್ಯ. ಚಹಾ ಕುಡಿದು, ಲೋಟ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಕೊನೆಗೆ ಹೇಳಿದರು. ಬಸ್ಸಿನಲ್ಲಿ ಹೋಗುವ ಮಕ್ಕಳು ನಕ್ಷತ್ರ ನೋಡಿ ಮನೆಯಲ್ಲಿ ಹೊಸ ಬಟ್ಟೆಗೆ ಹಟ ಹಿಡಿದಿವೆ. ಹಾಡುವ ಗುಂಪಿನವರು ತಾಲೀಮು ಶುರು ಮಾಡಿದ್ದಾರೆ. ಕಣ್ಣು ಮಂಜಾದ ಅಜ್ಜಿಯೊಬ್ಬಳಂತೂ ಹಬ್ಬದ ತಿಂಡಿಗೆ ಅಕ್ಕಿ ನೆನೆಹಾಕಿ, ತನಗೆ ಒಂದು ಮಾತು ಹೇಳದೆ ಹಬ್ಬ ಮುಂದೆ ತಂದಿರಿ ಅಂತ ಪಾದ್ರಿಗಳ ಮೇಲೆಯೇ ಮುನಿಸಿಕೊಂಡಿದ್ದಾಳೆ.

"ನಾವಾ ಇನ್ನೂ ಶುರು ಮಾಡಿಲ್ರಿ," ಅಂದರು ಪಾದ್ರಿಗಳು, ಮೆಲ್ಲಗೆ.

ಧಣಿಗೆ ನಿಜವಾಗಿಯೂ ಕನಿಕರ ಬಂತು. "ನೀವು ತಡಾ ಮಾಡಿದ್ರ ನಾವೇನ್ ಮಾಡಾಕ ಆಗ್ತೈತಿ ಸ್ವಾಮೇರ? ಜನಾ ಬೇಕೇನು, ಕಳಸ್ಲಿ?"

೩. ನಮ್ಮೂರ ಹಿಮ

ಹಿಮ ಇಲ್ಲದ ಕ್ರಿಸ್ಮಸ್ ಧಣಿಗೆ ಒಪ್ಪಿಗೆ ಇರಲಿಲ್ಲ. ಬಳ್ಳಾರಿಯ ಬಿಸಿಲಿಗೆ ಹಿಮ ಅನ್ನುವ ಪದವೂ ಕರಗುತ್ತದೆ. ಹತ್ತಿಗೇನು ಬರ ನಮ್ಮಲ್ಲಿ ಅಂತ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಅರಳೆ ತಂದು ರೈಲಿನ ಹಳಿಯ ಎರಡೂ ಬದಿ ಹಾಸಿದೆವು. ಬೆಳಿಗ್ಗೆ ನೋಡಿದರೆ ಸ್ವಿಟ್ಜರ್ಲೆಂಡ್. ಸಂಜೆಯ ಹೊತ್ತಿಗೆ ಅದಿರಿನ ಲಾರಿಗಳ ಧೂಳು ಕೂತು, ಗುಡ್ಡವೇ ಒಳಗೆ ಬಂದು ಮಲಗಿದ ಹಾಗೆ ಕೆಂಪು. ಒಗೆದು ಹಾಸಿದರೆ ಮತ್ತೆ ಕೆಂಪು.

ಆಗ ಚಾಚಾಗೆ ಹೊಳೆದದ್ದು ಮಂಡಕ್ಕಿ. ಬೆಳ್ಳಗಿರುತ್ತದೆ, ಹಗುರಾಗಿರುತ್ತದೆ, ಸಿರುಗುಪ್ಪದ ಭಟ್ಟಿಗಳಲ್ಲಿ ದಿನಾ ಹೊಸದು ಸಿಗುತ್ತದೆ. ಮೂಟೆಗಟ್ಟಲೆ ಸುರಿದೆವು. ನಾನು ನೋಡಿದ ಹಿಮಗಳಲ್ಲಿ ನಡೆದರೆ ಕರುಂ ಕುರುಂ ಅನ್ನುವ ಹಿಮ ಅದೊಂದೇ.

ಮೊದಲ ಭಾನುವಾರ ತೆಕ್ಕಲಕೋಟೆಯಿಂದ ಒಂದು ದೊಡ್ಡ ಸಂಸಾರ ಟ್ರ್ಯಾಕ್ಟರಿನಲ್ಲಿ ಬಂತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಹಿರಿಯ ಹೆಂಗಸು ಹಿಮದ ಅಂಚಿನಲ್ಲಿ ಸೆರಗು ಹಾಸಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಳೆ. ಓಡಿ ಹೋಗಿ, ಇದು ತಿನ್ನಲು ಇಟ್ಟದ್ದಲ್ಲ, ಇದು ಹಿಮ, ದೂರದ ದೇಶಗಳಲ್ಲಿ ಆಕಾಶದಿಂದ ಹೀಗೆ ಬೀಳುತ್ತದೆ ಅಂತ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಚಾಕು ಒರೆಸಿ ಕೆಳಗಿಟ್ಟಳು.

"ಆತವಾ. ಮತ್ತ ಆ ದೇಶದಾಗ ಮಿರ್ಚಿ ಎಲ್ಲಿ ಬೀಳ್ತಾವು?"

ಮರುದಿನವೇ ಹಳಿಯ ಪಕ್ಕ ಮಿರ್ಚಿ ಬಜ್ಜಿಯ ಬಂಡಿ ನಿಂತಿತು. ಇಡೀ ಪಾರ್ಕಿನಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿ ನಡೆದ ಆಟ.

೪. ಸಾಂತಾ ಅಜ್ಜನ ಪ್ಯಾಂಟು

ಸಾಂತಾನ ಉಡುಪು ಹೊಲಿಯಲು ಕೌಲ್ ಬಜಾರಿನ ದರ್ಜಿಗೆ ಕೊಟ್ಟೆ. ಬಳ್ಳಾರಿಯ ಜೀನ್ಸ್ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಗೊತ್ತು. ದುಬೈಯ ಅಂಗಡಿಯೊಂದರಲ್ಲಿ ಪ್ಯಾಂಟು ತಿರುಗಿಸಿ ಹೊಲಿಗೆ ನೋಡಿ, ಇದು ನಮ್ಮೂರ ಕೈ ಅಂತ ಅಂಗಡಿಯವನೆದುರು ಬೀಗಿದವಳು ನಾನು. ಚಿತ್ರ ಕೊಟ್ಟೆ, ಕೆಂಪು ಬಟ್ಟೆ ಕೊಟ್ಟೆ, ಅಂಚಿಗೆ ಬಿಳಿ ತುಪ್ಪಳ ಕೊಟ್ಟೆ.

ಬಂದದ್ದು ಜೀನ್ಸು. ಕೆಂಪು ಜೀನ್ಸು. ಜೋಡಿ ಹೊಲಿಗೆ, ಹಿಂದೆ ಮುಂದೆ ಜೇಬು, ಜೇಬಿನ ಮೂಲೆಗೆ ತಾಮ್ರದ ಗುಂಡಿ. ಸಾಲದ್ದಕ್ಕೆ ಕಲ್ಲು ಹಾಕಿ ತೊಳೆಸಿ, ಎರಡೂ ಮೊಣಕಾಲ ಹತ್ತಿರ ಬಣ್ಣ ಬಿಡಿಸಿದ್ದ. ಹೊಸ ಬಟ್ಟೆಯನ್ನು ಹೀಗೆ ಯಾಕೆ ಸವೆಸಿದೆ ಅಂತ ಕೇಳಿದೆ.

ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಊರೂರು ತಿರುಗ್ತಾನ, ಚಿಮಣಿಯೊಳಗ ಇಳೀತಾನ ಅಂತ ನೀವಾ ಹೇಳಿದ್ರಿ. ಅಂಥಾ ಮನಷ್ಯಾನ ಮೊಣಕಾಲು ಹೊಸಾದು ಇರ್ತಾವೇನ್ರಿ ಮೇಡಂ?"

ನನ್ನ ಸ್ವಂತ ಮೊಣಕಾಲು ನೆನೆದು ಕೂಲಿ ಎಣಿಸಿ ಕೊಟ್ಟೆ.

೫. ಬಂಗಾರ

ಇಷ್ಟೆಲ್ಲ ಆದರೂ ಕೊನೆಗೆ ಲೆಕ್ಕಕ್ಕೆ ಬರುವುದು ಮರ. ಕಬ್ಬಿಣದ ಕೊಳವೆ ಬೆಸೆದು ಮೂರಂತಸ್ತಿನ ಹಂದರ ನಿಲ್ಲಿಸಿದ್ದೆವು. ಹಸಿರು ಹೊದಿಸೋಣ ಅಂದರೆ ಧಣಿ ಒಪ್ಪಲಿಲ್ಲ. ಹಸಿರು ಮರ ಬಡವರ ಹಿತ್ತಲಲ್ಲೂ ಇರುತ್ತದೆ, ತಮಗೆ ಬಂಗಾರದ್ದೇ ಆಗಬೇಕು ಅಂದರು. ಚಾಚಾನ ಹುಡುಗರು ರಂಜಾನ್ ಉಪವಾಸದಲ್ಲೇ ಕೂತು ಬಂಗಾರ ಬಣ್ಣದ ಬೇಗಡೆಯಿಂದ ಎಲೆ ಕತ್ತರಿಸಿದರು, ಒಂದೊಂದನ್ನೂ ತಂತಿಗೆ ಕಟ್ಟಿದರು. ಸಂಜೆ ಆ ಮರದ ಕೆಳಗೇ ಖರ್ಜೂರ ತಿಂದು ಉಪವಾಸ ಬಿಟ್ಟರು. ದೀಪ ಹಾಕಿದ ಗಳಿಗೆ ಚಾಚಾ ಹಿಂದೆ ಹಿಂದೆ ಸರಿದು ಗೇಟಿನವರೆಗೆ ಹೋಗಿ ನೋಡಿದ. ನಾನೂ ಹೋದೆ. ಬೇರೆ ದೇಶಗಳಲ್ಲಿ ಇದಕ್ಕಿಂತ ದೊಡ್ಡ ಮರ ನೋಡಿದ್ದೆ, ಇಷ್ಟು ಚಂದದ್ದು ನೋಡಿರಲಿಲ್ಲ.

ವಿಜಯದಶಮಿ ಸಂಜೆ ಬಂತು. ಧಣಿ ಬೆಂಗಳೂರಿನವರನ್ನು ಕರೆದುಕೊಂಡು ದೀಪ ಹಚ್ಚುವ ಹೊತ್ತಿಗೆ ಬರುವವರಿದ್ದರು. ಚಾಚಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮರದ ಸುತ್ತ ಸುತ್ತುತ್ತಿದ್ದ. ನಾವಿಬ್ಬರೂ ಎಲ್ಲವನ್ನೂ ಯೋಚಿಸಿದ್ದೆವು, ಆ ದಿನ ಯಾವುದು ಅನ್ನುವುದೊಂದನ್ನು ಬಿಟ್ಟು.

ಕೆಂಚನಗುಡ್ಡದಿಂದ ಬಂದ ಒಬ್ಬ ಅಜ್ಜಿ ಮರದ ಮುಂದೆ ನಿಂತಳು. ಕೈ ಮುಗಿದಳು. ಒಂದು ಎಲೆ ಹರಿದು, ಗೇಟಿನವನ ಕೈಗಿಟ್ಟು, ಬಂಗಾರ ತಗೊಂಡು ಬಂಗಾರದ ಹಾಗೆ ಇರೋಣ ಅಂದಳು. ದಸರೆಯ ದಿನ ಬಂಗಾರ ಅಂತ ಹಂಚಿಕೊಳ್ಳುವ ಬನ್ನಿ ಎಲೆಯ ಶಾಸ್ತ್ರ ಅದು. ಕೊಟ್ಟರೆ ಬೇಡ ಅನ್ನುವ ಹಾಗಿಲ್ಲ, ತಗೊಂಡ ಮೇಲೆ ತಿರುಗಿ ಕೊಡದೆ ಇರುವ ಹಾಗಿಲ್ಲ. ಗೇಟಿನವನು ಸುತ್ತ ನೋಡಿದ, ತಾನೂ ಒಂದು ಹರಿದ. ಆಮೇಲೆ ಯಾರನ್ನು ತಡೆಯುವುದು? ನಮ್ಮೂರಿಗೆ ಮೊದಲ ಸಲ ನಿಜವಾದ ಬಂಗಾರದ ಬನ್ನಿ ಬಂದಿದೆ ಅಂತ ಪಾರ್ಕಿಗೆ ಪಾರ್ಕೇ ಸಾಲು ನಿಂತಿತು.

ಚಾಚಾ ಕೋಲು ಹಿಡಿದು ಓಡಿದ. ಓಡಿದ ಅಷ್ಟೇ. ಎದುರಿಗೆ ಅದೇ ಅಜ್ಜಿ ಒಂದು ಎಲೆ ಚಾಚಿದಳು. ಚಾಚಾ ನಿಂತ. ಕೋಲನ್ನು ನನ್ನ ಕೈಗೆ ಕೊಟ್ಟು ಎರಡೂ ಕೈಯಿಂದ ಎಲೆ ತಗೊಂಡ. ಆಮೇಲೆ ತಿರುಗಿ, ತನ್ನ ಹುಡುಗರು ಕಟ್ಟಿದ ಮರದಿಂದ ತಾನೇ ಒಂದು ಹರಿದು ಅಜ್ಜಿಗೆ ಕೊಟ್ಟ.

"ಏನ್ ಮಾಡ್ಲಿ ಮೇಡಂ," ಅಂದ ನನ್ನ ಕಡೆ ನೋಡದೆ, "ಹಬ್ಬದ ದಿನಾ ಹಿರೇರು ಕೊಟ್ಟಾರ."

ಧಣಿಯ ಕಾರು ಬರುವ ಹೊತ್ತಿಗೆ ಬರೀ ಕಬ್ಬಿಣ ನಿಂತಿತ್ತು. ಸಾಲಿನಲ್ಲಿದ್ದ ಹುಡುಗರು ತುದಿಯವರೆಗೂ ಹತ್ತಿ ಇಳಿದಿದ್ದರು. ಚಾಚಾ ತಲೆ ತಗ್ಗಿಸಿದ. ಅಳಿಯಂದಿರು ನಕ್ಕರು. ಧಣಿ ಬಾಯಿ ತೆರೆಯುವಷ್ಟರಲ್ಲಿ ಜನ ಮುತ್ತಿಕೊಂಡರು. ದಸರೆಯ ಬಂಗಾರ ಊರ ಹಿರಿಯನಿಗೂ ಸಲ್ಲಬೇಕು. ಗಣಿ ಕೈಗೆ ಬಂದ ಮೇಲೆ ಧಣಿಯ ಕಾಂಪೌಂಡು ಎತ್ತರವಾಗಿ, ಬನ್ನಿ ಹಿಡಿದು ಒಳಗೆ ಬರುವವರೇ ಇರಲಿಲ್ಲ. ಈಗ ಸಾಲು ಸಾಲು ಬಂದರು, ಎಲೆ ಕೊಟ್ಟರು, ಕಾಲು ಮುಟ್ಟಿದರು. ಅಜ್ಜಿ ಕಾಲು ಮುಟ್ಟಲಿಲ್ಲ, ಅವರ ಕೆನ್ನೆ ಸವರಿದಳು. ಧಣಿಯ ಜೇಬು ತುಂಬಿತು, ಟವಲು ತುಂಬಿತು, ಅವರು ಎಲೆ ಸುರಿಸುತ್ತಲೇ ನಮ್ಮ ಹತ್ತಿರ ಬಂದರು.

ಬೆಂಗಳೂರಿನ ಕಂಪನಿಯವನಿಗೆ ಇದೇ ಸಮಯ ಅನ್ನಿಸಿರಬೇಕು. ಬೋಳು ಕೊಳವೆಗಳತ್ತ ಕೈ ತೋರಿಸಿ, ತಮ್ಮ ಮರಗಳು ಹೀಗಲ್ಲ ಅಂದ. ಊರೂರಲ್ಲಿ ನಿಲ್ಲಿಸಿದ್ದೇವೆ, ಇವತ್ತಿನವರೆಗೆ ಒಬ್ಬರೂ ಒಂದು ಎಲೆ ಮುಟ್ಟಿಲ್ಲ, ಬೇಕಾದರೆ ಬರೆದು ಕೊಡುತ್ತೇವೆ ಅಂದ.

ಧಣಿ ಟವಲಿನಿಂದ ಒಂದು ಎಲೆ ತೆಗೆದು ಚಾಚಾನ ಕೈಗಿಟ್ಟರು, ವರ್ಷಾ ವರ್ಷಾ ಅಂದರು. ಇನ್ನೊಂದನ್ನು ಆ ಬೆಂಗಳೂರಿನವನ ಅಂಗಿ ಜೇಬಿಗೆ ಸಿಕ್ಕಿಸಿ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ಒಬ್ಬರೂ ಮುಟ್ಟಿಲ್ಲೇನಪಾ? ಇರ್ಲಿ ಬಿಡು, ಮನಸ್ಸಿಗೆ ಹಚ್ಚಿಗೋಬ್ಯಾಡ."