ಸೀತನಿ ಹಂಗಾಮಿನಲ್ಲಿ ಹಸಿದಿರುವ ಕುರಿತು

ವಸತಿ ಶಾಲೆಯ ಅಧೀಕ್ಷಕರ ಕಚೇರಿ, ಹುಬ್ಬಳ್ಳಿ
ಜಾವಕ ನಂಬರು: ಬ.ಪಾ./೪೭/ಮೂರನೆಯ ತಿದ್ದುಪಡಿ
ತಾರೀಖು: ೩೧ ಜನೇವರಿ ೧೯೩೯, ಮಂಗಳವಾರ

ವಿಷಯ: ಬಯಲು ಪಾಠಕ್ಕೆ ಹೋಗುವ ವಿದ್ಯಾರ್ಥಿಗಳು ದಾರಿಯಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
(ಅ) ಶಾಲಾ ತಪಾಸಣಾಧಿಕಾರಿ ಏಕನಾಥರಾಯರ ಪತ್ರ, ತಾ. ೩ ಜನೇವರಿ, ಮತ್ತು ಅದಕ್ಕೆ ಲಗತ್ತಿಸಿದ ನಮೂನೆ.
(ಆ) ಬಯಲು ಪಾಠದ ಮಾಸ್ತರರಾದ ಶಾಬುದ್ದೀನರ ವರದಿಗಳು, ಮೂರು. ಮೂರರ ಒಕ್ಕಣೆಯೂ ಒಂದೇ.
(ಇ) ಇದೇ ಕಚೇರಿಯ ತಾ. ೧೬ರ ವಿನಂತಿ ಪತ್ರ. ಅದರ ಗತಿ ಏನಾಯಿತೆಂಬುದಕ್ಕೆ ಕಲಂ ೫ ನೋಡುವುದು. ನೋಡದಿದ್ದರೂ ಅಡ್ಡಿಯಿಲ್ಲ.

ಪ್ರಸ್ತಾವನೆ:

ಈ ಶಾಲೆಯಲ್ಲಿ ಎರಡು ವರ್ಷಗಳಿಂದ ಪ್ರತಿ ಶನಿವಾರ ಬಯಲು ಪಾಠ ನಡೆದಿದೆ. ಹದಿಮೂರರಿಂದ ಹದಿನಾರು ವಯಸ್ಸಿನ ಮೂವತ್ತೆರಡು ವಿದ್ಯಾರ್ಥಿಗಳು ಶಾಬುದ್ದೀನ ಮಾಸ್ತರರ ಸಂಗಡ ಅಮರಗೋಳದ ಕಡೆಯ ಬೋಳುಗುಡ್ಡದವರೆಗೆ ನಡೆದು ಹೋಗತಕ್ಕದ್ದು, ಸೂರ್ಯನನ್ನು ನೋಡಿ ದಿಕ್ಕು ತಿಳಿಯತಕ್ಕದ್ದು, ಮೂರು ಕಲ್ಲು ಹೂಡಿ ಅನ್ನ ಬ್ಯಾಳಿ ತಾವೇ ಬೇಯಿಸಿ ಉಣ್ಣತಕ್ಕದ್ದು, ಪಾತೇಲಿ ತಿಕ್ಕಿಕೊಂಡು ಸಂಜೆಯೊಳಗೆ ಮರಳತಕ್ಕದ್ದು ಎಂದು ಪಠ್ಯಕ್ರಮದಲ್ಲಿದೆ. ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಇದೆಲ್ಲ ತಕರಾರಿಲ್ಲದೆ ನಡೆಯುತ್ತದೆ. ಹಿಂಗಾರಿ ಜೋಳಕ್ಕೆ ಹಾಲುಗಾಳು ತುಂಬಿದ ಕೂಡಲೇ ಮಾತ್ರ ಶಿಸ್ತು ಕೆಡುತ್ತದೆ.

ಎಳೆಯ ತೆನೆಯನ್ನು ಸಗಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ ಕಾಳು ಬಿಡಿಸಿ, ಬಿಸಿ ಇರುವಾಗಲೇ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯೊಡನೆ ಕೊಡುವ ಪದಾರ್ಥವನ್ನು ಈ ಸುತ್ತೋಲೆಯಲ್ಲಿ ಇನ್ನು ಮುಂದೆ 'ಸೀತನಿ' ಎಂದು ಕರೆಯಲಾಗುವುದು. ಹೊಲದವರೂ ಹಾಗೆಯೇ ಕರೆಯುತ್ತಾರೆ. ಕರೆಯುವುದೇ ತೊಂದರೆಯಾಗಿದೆ.

ಕಳೆದ ಡಿಸೆಂಬರ್ ೩೧ರಂದು ತಪಾಸಣಾಧಿಕಾರಿಗಳು ಹುಡುಗರ ಅಡುಗೆ ನೋಡಬೇಕೆಂದು ನೇರವಾಗಿ ಬೋಳುಗುಡ್ಡಕ್ಕೆ ಹೋಗಿ, ಮಧ್ಯಾಹ್ನ ಒಂದು ಗಂಟೆಯವರೆಗೆ ಒಬ್ಬರೇ ಒಂದು ಬಂಡೆಯ ಮೇಲೆ ಹಸಿದು ಕುಳಿತಿದ್ದರು. ಆ ಹೊತ್ತಿನಲ್ಲಿ ಮೂವತ್ತೆರಡೂ ಹುಡುಗರು ಗುಡ್ಡದಿಂದ ಎರಡು ಕೂಗಿನ ದೂರದಲ್ಲಿರುವ ಸಂಗವ್ವನವರ ಹೊಲದಲ್ಲಿ ಸೀತನಿ ತಿನ್ನುತ್ತಿದ್ದರು. ಆ ಮೇರೆಗೆ ಉಲ್ಲೇಖ (ಅ) ಬಂದಿದೆ. ಫೆಬ್ರುವರಿ ೪ರ ಶನಿವಾರದಂದು ಹುಡುಗರು ತಾವು ಬೇಯಿಸಿದ ಅನ್ನ ಉಣ್ಣುವುದನ್ನು ಅವರು ಕಣ್ಣಾರೆ ಕಾಣದಿದ್ದರೆ ಮಾರ್ಚ್ ತಿಂಗಳಿನಿಂದ ಬಯಲು ಪಾಠ ಬಂದ್. ಆ ವೇಳೆಯು ಶುದ್ಧ ಬರಹಕ್ಕೆ ಜಮಾ. ಶಾಬುದ್ದೀನ ಮಾಸ್ತರರ ಹುದ್ದೆ ರದ್ದು. ಲಗತ್ತಿಸಿದ ನಮೂನೆಯಲ್ಲಿ ಎರಡು ಪ್ರಶ್ನೆಗಳಿವೆ: 'ವಿದ್ಯಾರ್ಥಿಗಳು ತಾವೇ ಬೇಯಿಸಿದರೇ?' ಮತ್ತು 'ಹೊಟ್ಟೆ ತುಂಬ ಉಂಡರೇ?'

ಹುದ್ದೆ ಹೋದರೆ ಮಾಸ್ತರರು ಹಳೇ ಹುಬ್ಬಳ್ಳಿಯಲ್ಲಿ ಅಣ್ಣನವರ ಕಲಾಯಿ ಅಂಗಡಿಗೆ ಮರಳಿ ತಿದಿ ಒತ್ತಬೇಕಾಗುವುದು. ಅವರು ತಿದಿ ಚೆನ್ನಾಗಿಯೇ ಒತ್ತುವರು. ಆದರೆ ಬಯಲು ಪಾಠ ಶುರುವಾದ ಮೇಲೆ ಈ ವಸತಿಗೃಹದಲ್ಲಿ ಮನೆ ನೆನೆದು ಅಳುವ ಹುಡುಗರ ಸಂಖ್ಯೆ ಹನ್ನೊಂದರಿಂದ ಸೊನ್ನೆಗೆ ಇಳಿದಿದೆ. ಈ ಅಂಕಿಯನ್ನು ಯಾವ ನಮೂನೆಯಲ್ಲಿಯೂ ಯಾರೂ ಕೇಳಿಲ್ಲ. ಅಧೀಕ್ಷಕರು ತಾವಾಗಿಯೇ ಬರೆದಿಟ್ಟುಕೊಂಡಿದ್ದಾರೆ. ಮಾಸ್ತರರು ಹೋಗುವುದು ಅಧೀಕ್ಷಕರಿಗೆ ಬೇಕಾಗಿಲ್ಲ.

ಆದಕಾರಣ ಈ ಕೆಳಗಿನಂತೆ ಕಟ್ಟಪ್ಪಣೆ ಮಾಡಲಾಗಿದೆ.

೧. ಯಾವುದೇ ಹೊಲದಿಂದ 'ಬರ್ರಿ, ಸೀತನಿ ತಿನ್ರಿ' ಎಂಬ ಕರೆ ಕೇಳಿಬಂದಲ್ಲಿ ವಿದ್ಯಾರ್ಥಿಗಳು ನಿಲ್ಲತಕ್ಕದ್ದಲ್ಲ. ನಿಲ್ಲದೆ ಹೋಗುವುದು ಮರ್ಯಾದೆಯಲ್ಲವಾದ್ದರಿಂದ ನಡೆಯುತ್ತಲೇ ಕೈಮುಗಿಯತಕ್ಕದ್ದು. ಕೈಮುಗಿದವನ ಕೈಯಲ್ಲಿ ಏನನ್ನಾದರೂ ಇಡುವ ರೂಢಿ ಈ ಭಾಗದಲ್ಲಿ ಇರುವುದರಿಂದ ಬೆರಳುಗಳ ನಡುವೆ ಸಂದಿ ಬಿಡಕೂಡದು, ಅಂಗೈ ತೆರೆಯಕೂಡದು.

೨. 'ಉಂಡೇವ್ರಿ' ಎಂಬ ಉತ್ತರವನ್ನು ಹೆಚ್ಚೆಂದರೆ ಎರಡು ಸಲ ಕೊಡಬಹುದು. ಮೊದಲನೆಯ ಸಲ ಹೇಳಿದರೆ ಅದು ಸಂಕೋಚವೆಂದೂ, ಎರಡನೆಯ ಸಲ ಹೇಳಿದರೆ ಇನ್ನೂ ಒಮ್ಮೆ ಕರೆಯಲಿ ಎಂಬ ಆಸೆಯೆಂದೂ, ಮೂರನೆಯ ಸಲ ಹೇಳಿದರೆ ಸೊಕ್ಕೆಂದೂ ಇಲ್ಲಿಯ ಜನ ತಿಳಿಯುತ್ತಾರೆ. ಆದ್ದರಿಂದ ಮೂರನೆಯ ಒತ್ತಾಯ ಬರುವ ಮೊದಲು ತಂಡವು ಕನಿಷ್ಠ ಐವತ್ತು ಮಾರು ದಾಟಿರತಕ್ಕದ್ದು. ಇದಕ್ಕಾಗಿ ಶುಕ್ರವಾರ ಸಂಜೆ ಶಾಲೆಯ ಅಂಗಳದಲ್ಲಿ ತಾಲೀಮು ಇಡಲಾಗಿದೆ. ಒತ್ತಾಯ ಮಾಡುವ ಪಾತ್ರವನ್ನು ಅಡುಗೆಯ ಈರವ್ವನವರು ವಹಿಸುವರು.

೩. 'ಯಾವೂರ ಹುಡುಗ, ಯಾರ ಮಗಾ ನೀ?' ಎಂಬ ಪ್ರಶ್ನೆಗೆ ಯಾರೂ ಉತ್ತರಿಸಕೂಡದು. ಜನೇವರಿ ೭ರಂದು ಒಬ್ಬ ವಿದ್ಯಾರ್ಥಿ ಉತ್ತರಿಸಿದ್ದರಿಂದ ಅವನು ಸಂಗವ್ವನವರ ಅಕ್ಕನ ಮೈದುನನ ಮಗನೆಂದು ತೇಲಿತು. ಉಳಿದ ಮೂವತ್ತೊಂದು ಹುಡುಗರು ಅವನ ಗೆಳೆಯರಾದ ಕಾರಣ ಅವರೂ ಅದೇ ಕ್ಷಣದಿಂದ ಅಕ್ಕನ ಮೈದುನನ ಮಕ್ಕಳಾದರು. ಸಂಬಂಧಿಕರ ಹೊಲದಲ್ಲಿ ಉಣ್ಣದೆ ಹೋಗುವುದು ಹೇಗೆ ಎಂದು ಮಾಸ್ತರರು ವರದಿಯಲ್ಲಿ ಕೇಳಿದ್ದಾರೆ. ಅಧೀಕ್ಷಕರು ಆ ಪ್ರಶ್ನೆಯನ್ನು ಕಡತಕ್ಕೆ ಸೇರಿಸಿದ್ದಾರೆ.

೪. ಬೆರಳು ಒದ್ದೆ ಮಾಡಿ ಗಾಳಿಯ ದಿಕ್ಕು ತಿಳಿಯುವ ಪಾಠವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ. ಸದರೀ ವಿದ್ಯೆಯನ್ನು ವಿದ್ಯಾರ್ಥಿಗಳು ಎಲ್ಲಿ ಸೀತನಿ ಸುಡುತ್ತಿದ್ದಾರೆ ಎಂಬುದನ್ನು ಹುಡುಕಲು ಬಳಸುತ್ತಿರುವುದು ಕಂಡುಬಂದಿದೆ. ಪಾಠ ಚೆನ್ನಾಗಿ ತಲೆಗೆ ಹತ್ತಿದೆ ಎಂಬುದನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

೫. ತಾ. ೧೬ರ ವಿನಂತಿ ಪತ್ರವನ್ನು ಹಿಂದಕ್ಕೆ ಪಡೆಯಲಾಗಿದೆ. ಆ ಪತ್ರದಲ್ಲಿ ಅಧೀಕ್ಷಕರು ದಾರಿಯ ಎಲ್ಲ ಮನೆಗಳಿಗೂ ಹೊಲಗಳಿಗೂ, 'ಬರುವ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಮೂವತ್ತೆರಡು ಹುಡುಗರು ಮತ್ತು ಒಬ್ಬ ಮಾಸ್ತರರು ತಮ್ಮಲ್ಲಿ ಹಾಯ್ದು ಹೋಗುವರು, ದಯಮಾಡಿ ಊಟದ ತೊಂದರೆ ತೆಗೆದುಕೊಳ್ಳಬಾರದು' ಎಂದು ತಿಳಿಸಿದ್ದರು. ಹುಟ್ಟಿದಂದಿನಿಂದ ಇದೇ ನೀರು ಕುಡಿದ ಮನುಷ್ಯ ಇಂಥ ಪತ್ರ ಬರೆಯಬಾರದಿತ್ತು. ಎಷ್ಟು ಮಂದಿ, ಎಷ್ಟು ಗಂಟೆಗೆ ಎಂದು ಮೊದಲೇ ತಿಳಿಸಿ, ತೊಂದರೆ ತೆಗೆದುಕೊಳ್ಳಬೇಡಿ ಎಂದರೆ ಅದನ್ನು ಈ ಭಾಗದಲ್ಲಿ ಊಟಕ್ಕೆ ಬರುತ್ತೇವೆ ಎಂದೇ ಓದಲಾಗುತ್ತದೆ. ತಾ. ೨೧ರಂದು ಸಂಗವ್ವನವರು ಹೊಲದಲ್ಲಿಯೇ ರೊಟ್ಟಿ ಬಡಿದು, ಎಣಗಾಯಿ ಮಾಡಿ, ಮೂವತ್ಮೂರು ಎಲೆ ಹಾಸಿ ಕಾಯುತ್ತಿದ್ದರು. ಅವರ ಹೇಳಿಕೆ ಯಥಾವತ್ತಾಗಿ: 'ಮಂದಿ ಎಷ್ಟ ಬರ್ತಾರಂತ ಮೊದಲ ತಿಳಿಸಿದ್ದು ಭಾಳ ಛಲೋ ಆತ್ರಿ. ಇಲ್ಲಾಂದ್ರ ಎಣಗಾಯಿ ಕಡಿಮಿ ಬೀಳತಿತ್ತು.'

೬. ಪಾತೇಲಿಯ ತಳವನ್ನು ಪ್ರತಿ ಶನಿವಾರ ಸಂಜೆ ಕಚೇರಿಗೆ ತಂದು ತೋರಿಸತಕ್ಕದ್ದು. ಒಲೆಗೆ ಏರಿದ ಪಾತೇಲಿಯ ತಳ ಕಪ್ಪಾಗಿರುತ್ತದೆ ಎಂಬುದು ಪುರಾವೆಯ ಮೂಲತತ್ವ. ತಾ. ೨೧ರಂದು ತಳ ಕಪ್ಪಾಗಿದ್ದುದನ್ನು ಕಂಡು ಅಧೀಕ್ಷಕರು ಹಿಗ್ಗಿ ಹುಡುಗರಿಗೆ ಅರ್ಧ ದಿನದ ರಜೆ ಕೊಟ್ಟರು. ಆ ಮಸಿಯು ರಸ್ತೆಯ ಬದಿಗೆ ಚಕ್ಕಡಿ ಗಾಲಿ ರಿಪೇರಿ ಮಾಡುವ ರಸೂಲಸಾಬರ ಮನೆಯವರಾದ ಹಾಜರಾಬಿಯವರ ಒಲೆಯದೆಂದು ಮಾರನೆಯ ದಿನ ತಿಳಿದುಬಂತು. ಹಾಜರಾಬಿಯವರ ಹೇಳಿಕೆ: 'ಹುಡುಗೂರು ಪಾತೇಲಿ ಕಪ್ಪ ಮಾಡಿಕೊಡ್ರಿ ಅಂದ್ರು. ಕಪ್ಪ ಆಗೂತನಕಾ ಸುಮ್ನ ಯಾಕ ಕುಂದ್ರಬೇಕಂತ ಬೆಲ್ಲದ ಚಹಾ ಮಾಡಿ ಕೊಟ್ಟೆ, ಚುರಮರಿ ಕೊಟ್ಟೆ.' ಇನ್ನು ಮುಂದೆ ಪರರ ಒಲೆಯ ಮಸಿಯನ್ನು ಅಂಗೀಕರಿಸಲಾಗುವುದಿಲ್ಲ.

೭. ವಿದ್ಯಾರ್ಥಿಗಳ ಅಂಗಿಯ ಕಿಸೆಗಳನ್ನು ಶುಕ್ರವಾರ ರಾತ್ರಿ ಹೊಲಿದು ಶನಿವಾರ ರಾತ್ರಿ ಬಿಚ್ಚತಕ್ಕದ್ದು. ಟೊಪ್ಪಿಗೆಯನ್ನು ತಲೆಯ ಮೇಲೆಯೇ ಇಟ್ಟುಕೊಳ್ಳತಕ್ಕದ್ದು, ಅಂಗಾತ ಹಿಡಿಯತಕ್ಕದ್ದಲ್ಲ.

೮. ತಾ. ೨೮ರಂದು ಅಧೀಕ್ಷಕರು ತಾವೇ ತಂಡದೊಡನೆ ಹೋಗಿ ಸ್ಥಳ ಪರಿಶೀಲನೆ ಮಾಡಿದ್ದಾರೆ. ಸೀತನಿಗೆ ಹುಡುಗರನ್ನು ಹಾದಿ ತಪ್ಪಿಸುವಷ್ಟು ರುಚಿ ನಿಜವಾಗಿ ಇದೆಯೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಹಿಡಿ ತೆಗೆದುಕೊಳ್ಳಲಾಯಿತು. ಖಾತ್ರಿಯಾಗಲು ಒಂದೂವರೆ ತಾಸು ಹಿಡಿಯಿತು. ಅಂದೂ ತಂಡವು ಗುಡ್ಡ ಮುಟ್ಟಲಿಲ್ಲ. ಈ ಕಲಮಿನ ಬಗ್ಗೆ ಸಿಬ್ಬಂದಿಯವರು ಊಟದ ಮನೆಯಲ್ಲಿ ಮಾತನಾಡಬಾರದು.

೯. ಮೇಲಿನ ಯಾವುದೇ ಕಲಂ ಮೀರಿದವರು ಮುಂದಿನ ಶನಿವಾರ ಶಾಲೆಯಲ್ಲಿಯೇ ಉಳಿದು ಶುದ್ಧ ಬರಹ ಬರೆಯತಕ್ಕದ್ದು. ಅಧೀಕ್ಷಕರು ಈಗಾಗಲೇ ನಾಲ್ಕು ಪುಟ ಬರೆದಿದ್ದಾರೆ.

ಪುರವಣಿ
ತಾರೀಖು: ೬ ಫೆಬ್ರುವರಿ ೧೯೩೯, ಸೋಮವಾರ

ಫೆಬ್ರುವರಿ ೪ರ ಶನಿವಾರ ನಡೆದ ಸಂಗತಿಗಳನ್ನು ದಾಖಲೆಗಾಗಿ ಈ ಕೆಳಗೆ ನಮೂದಿಸಲಾಗಿದೆ.

ಅಂದು ಮೂವತ್ತೆರಡೂ ಹುಡುಗರು ಮೇಲಿನ ಒಂಬತ್ತೂ ಕಲಮುಗಳನ್ನು ಚಾಚೂ ತಪ್ಪದೆ ಪಾಲಿಸಿದರು. ಕಿಸೆ ಹೊಲಿದುಕೊಂಡು, ಬೆರಳು ಜೋಡಿಸಿಕೊಂಡು, ತಲೆ ತಗ್ಗಿಸಿ ನಡೆದರು. ಹಾಜರಾಬಿಯವರು ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತೇ ಉಳಿದರು. ಸಂಗವ್ವನವರು ಮೊರದ ತುಂಬ ಸೀತನಿ ಹಿಡಿದು ಬದುವಿನವರೆಗೆ ಓಡಿ ಬಂದು ಎರಡು ಸಲ ಕರೆದರು. ಮೂರನೆಯ ಸಲ ಕರೆಯುವಷ್ಟರಲ್ಲಿ ತಂಡ ಐವತ್ತು ಮಾರು ದಾಟಿತ್ತು. ತಂಡದ ಹಿಂದೆ ತಪಾಸಣಾಧಿಕಾರಿಗಳ ಜೊತೆ ಬರುತ್ತಿದ್ದ ಅಧೀಕ್ಷಕರನ್ನು ಸಂಗವ್ವನವರು ತಡೆದು ಕೇಳಿದ್ದು: 'ಯಾಕ್ರಿ, ಹುಡುಗೂರು ನಮ್ಮ ಮ್ಯಾಲ ಸಿಟ್ಟಾಗ್ಯಾವೇನ್ರಿ? ಹೋದ ಸಲ ಹಿಂಡ್ಯಾಗ ಉಪ್ಪು ಕಡಿಮಿ ಬಿತ್ತೇನ?'

ಅಧೀಕ್ಷಕರಿಗೆ ತಮ್ಮ ಸುತ್ತೋಲೆಯ ಬಗ್ಗೆ ನಾಚಿಕೆಯಾಯಿತೆಂದು ಈ ಮೂಲಕ ದಾಖಲಿಸಲಾಗಿದೆ. ಅವರು ಕಲಂ ೧ರ ಪ್ರಕಾರ ಕೈಮುಗಿದು ಮುಂದೆ ನಡೆದರು.

ತಂಡವು ಈ ಹಂಗಾಮಿನಲ್ಲಿ ಮೊದಲ ಸಲ ಗುಡ್ಡ ಮುಟ್ಟಿತು. ನಾಲ್ಕು ಒಲೆ ಹೂಡಲಾಯಿತು. ಅನ್ನ ಬೆಂದಿತು, ಒಂದು ಪಾತೇಲಿಯದು ಸ್ವಲ್ಪ ಸೀದಿತು, ಬ್ಯಾಳಿ ಕುದಿಯಿತು. ತಪಾಸಣಾಧಿಕಾರಿಗಳು ಅದೇ ಬಂಡೆಯ ಮೇಲೆ ಕುಳಿತು ನಮೂನೆ ಬಿಚ್ಚಿ ಪೆನ್ಸಿಲು ತೆಗೆದರು. ಇನ್ನು ಉಂಡರೆ ಕೆಲಸ ಮುಗಿದಂತೆ ಎಂಬ ಹೊತ್ತಿಗೆ ಹುಡುಗರು ಉಣ್ಣಲಿಲ್ಲ. ಯಾರೂ ಹೇಳಿರಲಿಲ್ಲ, ಯಾವ ಕಲಮಿನಲ್ಲಿಯೂ ಇರಲಿಲ್ಲ. ಮೂವತ್ತೆರಡೂ ಜನ ಗುಡ್ಡದ ಅಂಚಿಗೆ ಹೋಗಿ ನಿಂತು, ಕೆಳಗಿನ ಹೊಲಗಳ ಕಡೆಗೆ ಬಾಯಿಗೆ ಕೈ ಹಚ್ಚಿ ಕೂಗಿದರು: 'ಅಡಿಗಿ ಆಗೇತ್ರಿ, ಉಣ್ಣಾಕ ಬರ್ರಿ.'

ಅನ್ನವನ್ನು ಅಳತೆಯ ಪ್ರಕಾರ ಬೇಯಿಸಲಾಗಿತ್ತು. ಅತಿಥಿಗಳು ಬಂದರೆ ಹುಡುಗರಿಗೆ ಉಳಿಯುವುದಿಲ್ಲ, ಹುಡುಗರು ಉಣ್ಣದಿದ್ದರೆ ಹುದ್ದೆ ಉಳಿಯುವುದಿಲ್ಲ. ಇದು ಎಲ್ಲರಿಗಿಂತ ಮೊದಲು ಹೊಳೆದದ್ದು ಶಾಬುದ್ದೀನ ಮಾಸ್ತರರಿಗೆ. ಅವರ ನಾಲ್ಕನೆಯ ವರದಿಯಲ್ಲಿದೆ: 'ಕೆಲಸಾ ಹೋತಂತ ಅನಿಸ್ತ್ರಿ. ಆದ್ರ ಮಂದೀನ ಊಟಕ್ಕ ಕರಿಯೋ ಹುಡುಗೂರ ಬಾಯಿ ಮುಚ್ಚಸೋದು ನನ್ನ ಕೈಲೆ ಆಗಲಿಲ್ರಿ.' ಅವರೂ ಅಂಚಿಗೆ ಹೋಗಿ ನಿಂತು ಕೂಗಿದರು. ಅವರ ದನಿ ದೊಡ್ಡದು.

ಸಂಗವ್ವನವರು ಬಂದರು, ಅವರ ಯಜಮಾನರಾದ ಸಿದ್ದಲಿಂಗಪ್ಪನವರು ಬಂದರು, ಹಾಜರಾಬಿ ಮತ್ತು ರಸೂಲಸಾಬರು ಬಂದರು, ರಸ್ತೆಯಲ್ಲಿ ಹತ್ತಿಯ ಚಕ್ಕಡಿ ಹೊಡೆದುಕೊಂಡು ಹೊರಟಿದ್ದವರೂ ಎತ್ತು ಬಿಟ್ಟು ಬಂದರು. ಬರುವಾಗ ಬರಿಗೈಲಿ ಹೇಗೆ ಬರುವುದೆಂದು ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಮೊರದ ಸೀತನಿ, ಕಿಟ್ಲಿ ಎಲ್ಲವೂ ಜೊತೆಗೆ ಬಂದವು. ಹುಡುಗರು ಬಡಿಸಿದರು. ಸಂಗವ್ವನವರು ಸೀದ ಅನ್ನವನ್ನೇ ಕೇಳಿ ಹಾಕಿಸಿಕೊಂಡರು. ಅತಿಥಿಗಳು ಎದ್ದಾಗ ಪಾತೇಲಿಗಳಲ್ಲಿ ಒಂದು ಅಗುಳೂ ಇರಲಿಲ್ಲ. ಆಮೇಲೆ ಹುಡುಗರು ಕುಳಿತು, ಅತಿಥಿಗಳು ತಂದದ್ದನ್ನು ಉಂಡರು. ತಪಾಸಣಾಧಿಕಾರಿಗಳು ಎರಡು ಸಲ 'ಬ್ಯಾಡ್ರಿ, ಉಂಡೇನಿ' ಎಂದರು. ಮೂರನೆಯ ಸಲ ಹಾಜರಾಬಿಯವರು ಹೇಳಿದಾಗ ಬಂಡೆಯಿಂದ ಇಳಿದು ಪಂಕ್ತಿಯಲ್ಲಿ ಕುಳಿತರು.

ಊಟವಾದ ಮೇಲೆ ಅವರು ತಮ್ಮ ಪತ್ರವನ್ನು ಒಮ್ಮೆ ಓದಿದರು, ನಮೂನೆಯನ್ನು ಒಮ್ಮೆ ಓದಿದರು, ಪತ್ರವನ್ನು ಮಡಿಚಿ ಕಿಸೆಗೆ ಹಾಕಿದರು. ಅವರು ತುಂಬಿಸಿದ ನಮೂನೆಯ ನಕಲು:

ವಿದ್ಯಾರ್ಥಿಗಳು ತಾವೇ ಬೇಯಿಸಿದರೇ? ಹೌದು.
ಹೊಟ್ಟೆ ತುಂಬ ಉಂಡರೇ? ಹೌದು.
ಷರಾ: ಯಾರು ಬೇಯಿಸಿದ್ದನ್ನು ಯಾರು ಉಂಡರೆಂದು ನಮೂನೆಯಲ್ಲಿ ಕೇಳಿಲ್ಲ. ಬಯಲು ಪಾಠ ನಡೆಯಲಿ, ಶಾಬುದ್ದೀನರೇ ನಡೆಸಲಿ. ಮುಂದಿನ ವರ್ಷದ ತಪಾಸಣೆಯನ್ನೂ ಇದೇ ಹಂಗಾಮಿನಲ್ಲಿ ಇಡತಕ್ಕದ್ದು.

ಆದ್ದರಿಂದ ಕಲಂ ೧ರಿಂದ ೯ರವರೆಗಿನ ಎಲ್ಲವನ್ನೂ ರದ್ದುಪಡಿಸಲಾಗಿದೆ. ಕಿಸೆಗಳನ್ನು ಇನ್ನು ಹೊಲಿಯತಕ್ಕದ್ದಲ್ಲ. ಗಾಳಿಯ ಪಾಠ ಪುನಃ ಆರಂಭಿಸತಕ್ಕದ್ದು. ಇನ್ನು ಮುಂದೆ ಪ್ರತಿ ಶನಿವಾರ ಮೂವತ್ತೆರಡು ಮಂದಿಗೆ ಬದಲು ಅರವತ್ತು ಮಂದಿಗೆ ಅಕ್ಕಿ ಒಯ್ಯತಕ್ಕದ್ದು. ಪಾತೇಲಿಯ ತಳದ ಮಸಿ ಈ ಸಲ ನಮ್ಮದೇ ಆಗಿದ್ದು, ಒಂದು ಪಾತೇಲಿಯನ್ನು ತಿಕ್ಕದೆ ಕಚೇರಿಯ ಗೋಡೆಗೆ ತೂಗುಹಾಕಲಾಗಿದೆ.

(ಸಹಿ) ನೀಲಕಂಠಪ್ಪ ಕಮಡೊಳ್ಳಿ
ಅಧೀಕ್ಷಕರು, ವಸತಿ ಶಾಲೆ
ಶುದ್ಧ ಬರಹ: ಐದನೆಯ ಪುಟ ಬಾಕಿ

ಪ್ರತಿಗಳು:
(೧) ತಪಾಸಣಾಧಿಕಾರಿಗಳಿಗೆ, ಮಾಹಿತಿಗಾಗಿ. ಗುಡ್ಡದ ಮೇಲೆ ಬಿಟ್ಟುಹೋದ ಅವರ ಪೆನ್ಸಿಲಿನೊಂದಿಗೆ.
(೨) ಶಾಬುದ್ದೀನ ಮಾಸ್ತರರಿಗೆ. ತಿದಿ ಒತ್ತಲು ಬೇರೆ ಯಾರನ್ನಾದರೂ ನೋಡಿಕೊಳ್ಳುವಂತೆ ಅವರ ಅಣ್ಣನವರಿಗೆ ತಿಳಿಸುವ ಸೂಚನೆಯೊಂದಿಗೆ.
(೩) ಅಡುಗೆಯ ಈರವ್ವನವರಿಗೆ. ತಾಲೀಮು ಮುಗಿದಿದೆ, ಹುಡುಗರನ್ನು ಇನ್ನು ಅಟ್ಟಿಸಿಕೊಂಡು ಹೋಗಬೇಕಾಗಿಲ್ಲ.
(೪) ಹಾಜರಾಬಿಯವರಿಗೆ, ಕಿಟ್ಲಿಯ ಮುಚ್ಚಳದೊಂದಿಗೆ.
(೫) ಸಂಗವ್ವನವರಿಗೆ, ಹೊಲಕ್ಕೆ ಹೋಗಿ ಓದಿ ಹೇಳತಕ್ಕದ್ದು. ಹಿಂಡಿಯಲ್ಲಿ ಉಪ್ಪು ಸರಿಯಾಗಿತ್ತೆಂದು ಮೊದಲು ತಿಳಿಸಿ, ಉಳಿದದ್ದನ್ನು ಆಮೇಲೆ ಓದತಕ್ಕದ್ದು.